ಪ್ರಾಂಶುಪಾಲರ ಕೈಯ ಪೇಂಡಾ

ಇವತ್ತು ಬೆಳಿಗ್ಗೆ ನಮ್ಮ ಕಾಲೇಜಿನ ಜವಾನ ಒಂದು ಬಿಳಿ ರಟ್ಟಿನ ಡಬ್ಬಿ ಹಿಡಿದುಕೊಂಡು ಸ್ಟಾಫ್‌ರೂಮಿನ ಮುಂದೆ ಹಾದುಹೋದ. ಅವನು ಹೋದ ಮೇಲೂ ಏಲಕ್ಕಿ ಬೆರೆತ ಖೋವದ ವಾಸನೆ ಬಾಗಿಲಲ್ಲೇ ನಿಂತಿತ್ತು. ನಾನು ಎದ್ದು ಹೋಗಿ ಕಿಟಕಿ ತೆರೆದೆ. ಧಾರವಾಡದಲ್ಲಿ ಹುಟ್ಟಿದವನೊಬ್ಬ ಪೇಡೆಯ ವಾಸನೆಗೆ ಹೆದರುತ್ತಾನೆ ಎಂದರೆ ನಿಮಗೆ ನಗು ಬರಬಹುದು. ನಗಿ, ನಮ್ಮ ಮನೆಯವಳೂ ನಗುತ್ತಾಳೆ. ಇಲ್ಲಿ ವಡೋದರಾದಲ್ಲಿ ಅದಕ್ಕೆ ಪೇಂಡಾ ಎನ್ನುತ್ತಾರೆ. ನಮ್ಮದರಂತೆ ಕಂದು ಬಣ್ಣದ್ದಲ್ಲ, ಬೆಳ್ಳಗಿರುತ್ತದೆ, ಮೇಲೊಂದು ಪಿಸ್ತಾ ಚೂರು. ನಾನು ಅದನ್ನು ಕೊನೆಯ ಸಲ ತಿಂದು ಹನ್ನೆರಡು ವರ್ಷವಾಯಿತು.

ನಮ್ಮ ಕಾಲೇಜಿನ ಅಧ್ಯಾಪಕರ ಸಂಘಕ್ಕೆ ಎರಡು ವರ್ಷಕ್ಕೊಮ್ಮೆ ಚುನಾವಣೆ. ಚುನಾವಣೆ ಎಂದು ನೋಟೀಸು ಬರುತ್ತದೆ, ಅಷ್ಟೆ. ಮತ ಹಾಕಿದವರನ್ನು ನಾನು ಕಂಡಿಲ್ಲ. ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾಗುವುದು ಇಲ್ಲಿ ಮರ್ಯಾದೆಯ ವಿಷಯ. ತಪ್ಪಿ ಯಾರಾದರೂ ಎದುರು ನಾಮಪತ್ರ ಹಾಕಿದರೆ, ಹಿಂದೆಗೆದುಕೊಳ್ಳಲು ಐದು ದಿನ ಇರುತ್ತದೆ. ಐದನೆಯ ದಿನ ಪ್ರಾಂಶುಪಾಲರು ಇಬ್ಬರನ್ನೂ ಕೋಣೆಗೆ ಕರೆದು, ಡಬ್ಬಿ ತೆರೆದು, ಹಿಂದೆ ಸರಿದವನ ಬಾಯಿಗೆ ಮೊದಲ ಪೇಂಡಾ ತಮ್ಮ ಕೈಯಾರೆ ಇಡುತ್ತಾರೆ. ಜವಾನ ಫೋಟೋ ತೆಗೆಯುತ್ತಾನೆ. ಆ ಫೋಟೋ ನೋಟೀಸ್ ಬೋರ್ಡಿಗೆ ಏರುತ್ತದೆ. ಯಾರೂ ಯಾರನ್ನೂ ಬೆದರಿಸುವುದಿಲ್ಲ, ಎಲ್ಲವೂ ಮದುವೆ ಮನೆಯ ಹಾಗೆ ನಡೆದುಹೋಗುತ್ತದೆ.

ನಾನು ಯಾಕೆ ನಿಂತೆ ಎಂದು ಕೇಳಿದರೆ ನನ್ನ ಬಾಯಿಯನ್ನೇ ದೂರಬೇಕು. ಧೈರ್ಯ ನನ್ನ ಜಾಯಮಾನದ್ದಲ್ಲ. ರಸಾಯನಶಾಸ್ತ್ರ ಕಲಿಸುವವನಾಗಿ ಆಸಿಡ್ಡಿನ ಬಾಟಲಿಗಳ ನಡುವೆ ಆರಾಮಾಗಿ ಓಡಾಡುತ್ತೇನೆ. ಆದರೆ ಕಚೇರಿಯಿಂದ ಒಂದು ಮೊಹರು ಬಿದ್ದ ಲಕೋಟೆ ಬಂದರೆ ಒಡೆಯುವ ಮೊದಲು ನೀರು ಕುಡಿಯುತ್ತೇನೆ. ಆಗ ನಮ್ಮ ವಿಭಾಗದಲ್ಲಿ ಹೇತಲ್‌ಬೆನ್ ಎಂಬ ಹೆಣ್ಣುಮಗಳು ತಾತ್ಕಾಲಿಕ ಅಧ್ಯಾಪಕಿಯಾಗಿದ್ದಳು. ತಾತ್ಕಾಲಿಕದವರಿಗೆ ಹನ್ನೊಂದು ತಿಂಗಳ ಆದೇಶ, ಆಮೇಲೆ ಜೂನಿನಲ್ಲಿ ಮತ್ತೊಂದು ಆದೇಶ ಬರುತ್ತದೋ ಇಲ್ಲವೋ ಎಂದು ಕಾಯಬೇಕು. ಸಂಘದ ಸದಸ್ಯತ್ವ ಮಾತ್ರ ಅವರಿಗೂ ಉಂಟು. ಆಕೆ ಹೆರಿಗೆಯಾದ ಹದಿನೈದನೇ ದಿನಕ್ಕೆ ಪ್ರಾಕ್ಟಿಕಲ್ ತರಗತಿಗೆ ಬಂದು ನಿಂತಳು, ರಜೆಯಿಲ್ಲವಲ್ಲ. ಗೋಡೆಗೆ ಒರಗಿಕೊಂಡೇ ಪಾಠ ಮಾಡಿದಳು. ಅದನ್ನು ನೋಡಿ ನನಗೆ ಸಿಟ್ಟು ಬಂತು, ನಿಜವಾದ ಸಿಟ್ಟು. ಚಹಾದ ಹೊತ್ತಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಇದನ್ನು ಕೇಳೋದಕ್ಕೆ ಸಂಘಕ್ಕೊಬ್ಬ ಸರಿಯಾದ ಅಧ್ಯಕ್ಷ ಬೇಕು" ಎಂದುಬಿಟ್ಟೆ.

ಮರುದಿನ ಹೇತಲ್‌ಬೆನ್ ನಾಮಪತ್ರದ ಹಾಳೆಯನ್ನು ನನ್ನ ಮೇಜಿನ ಮೇಲೆ ಇಟ್ಟಳು. ಅನುಮೋದಕರ ಜಾಗದಲ್ಲಿ ಆಗಲೇ ಅವಳ ಸಹಿಯಿತ್ತು. ಅಭ್ಯರ್ಥಿಯ ಜಾಗ ಖಾಲಿ. "ಸರ್, ನಿಮ್ಮದೊಂದು ಬಾಕಿ" ಎಂದಳು ಹಿಂದಿಯಲ್ಲಿ. ಸ್ಟಾಫ್‌ರೂಮಿನವರೆಲ್ಲ ನನ್ನ ಕಡೆಯೇ ನೋಡುತ್ತಿದ್ದರು. ಸಹಿ ಹಾಕಿದೆ. ನಾಚಿಕೆಗೆ ಹಾಕಿದ ಸಹಿ ಅದು.

ನಾಮಪತ್ರವನ್ನು ಬೋರ್ಡಿಗೆ ಅಂಟಿಸುವುದು ಪದ್ಧತಿ, ಅಭ್ಯರ್ಥಿಯ ಹೆಸರು, ಅನುಮೋದಕರ ಹೆಸರು ಎಲ್ಲ ಗಾಜಿನ ಹಿಂದೆ ಕಾಣುವ ಹಾಗೆ. ಮೊದಲ ದಿನ ನಾಲ್ಕು ಜನ ಬೆನ್ನು ತಟ್ಟಿದರು. ಎರಡನೇ ದಿನ ನನ್ನ ಮೇಜಿನ ಸುತ್ತಲಿನ ಕುರ್ಚಿಗಳು ಕಿಟಕಿಯ ಕಡೆಗೆ ಸರಿದವು. ಮೂರನೇ ದಿನ ಪ್ರಾಂಶುಪಾಲರು ಕಾರಿಡಾರಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು ಬಹಳ ಮೃದುವಾಗಿ, "ನಿಮ್ಮ ಸರ್ವಿಸ್ ಬುಕ್ಕಿನಲ್ಲಿ ಒಂದು ಹಾಳೆ ಸಿಗ್ತಾ ಇಲ್ಲವಂತೆ. ವಾಂಧೋ ನಹೀಂ, ಹುಡುಕಿಸೋಣ" ಎಂದರು. ಚಿಂತೆಯಿಲ್ಲ ಎಂಬುದಕ್ಕೆ ಗುಜರಾತಿನವರು ದಿನಕ್ಕೆ ಐವತ್ತು ಸಲ ಹೇಳುವ ಮಾತು ಅದು. ನನಗೆ ಕೇಳಿಸಿದ್ದು ಸಿಗದ ಹಾಳೆಯ ಮಾತು ಮಾತ್ರ. ಯಾವ ಹಾಳೆ? ನೇಮಕಾತಿಯದೋ? ಕಾಯಂ ಮಾಡಿದ್ದೋ? ಮಂಜಲ್‌ಪುರದ ಮನೆಗೆ ಬಂದು ಟ್ರಂಕು, ಕಪಾಟು, ಮಗಳ ಹಳೆಯ ಶಾಲಾಚೀಲ ಎಲ್ಲ ಜಾಲಾಡಿದೆ. ತಟ್ಟೆಯಲ್ಲಿ ಅನ್ನ ಕಲಸಿಟ್ಟು ಹಾಗೇ ಕೂತೆ. ಬಾಗಿಲ ಗಂಟೆ ಬಾರಿಸಿದರೆ ಬೆಚ್ಚಿಬೀಳುತ್ತಿದ್ದೆ, ಹಾಲಿನವನಿಗೂ.

ಐದನೇ ದಿನ ನಾನೇ ಪ್ರಾಂಶುಪಾಲರ ಕೋಣೆಗೆ ಹೋದೆ. ಯಾರೂ ಕರೆದಿರಲಿಲ್ಲ. ಡಬ್ಬಿ ಮೇಜಿನ ಮೇಲೆ ಸಿದ್ಧವಾಗಿತ್ತು. ಬಾಯಿ ತೆರೆದೆ. ಪ್ರಾಂಶುಪಾಲರು ಪೇಂಡಾ ಇಟ್ಟರು, ಫೋಟೋಕ್ಕೆ ನಕ್ಕೆ. ಕಳೆದ ಹಾಳೆ ಅದೇ ಮಧ್ಯಾಹ್ನ ಸಿಕ್ಕಿತು.

ಮನೆಗೆ ಬಂದು, ಹಗುರಾದೆ ಎಂದು ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಸೋಸುತ್ತ ಕೂತಿದ್ದಳು.

"ಆಕಿಗೆ ಹೇಳಿದ್ರೇನು?"

"ಯಾರಿಗೆ?"

"ಸಹಿ ಮಾಡಿದಾಕಿಗ್ರೀ."

ಹೇಳಿರಲಿಲ್ಲ. ನಿಮ್ಮಾಣೆ, ನೆನಪೇ ಆಗಿರಲಿಲ್ಲ. ನನ್ನ ಹೆದರಿಕೆಯೊಳಗೆ ಇನ್ನೊಬ್ಬರಿಗೆ ಜಾಗವೇ ಇರಲಿಲ್ಲ. ಮರುದಿನ ಹೇತಲ್‌ಬೆನ್ ಎಲ್ಲರ ಜೊತೆ ಬೋರ್ಡಿನ ಮುಂದೆ ನಿಂತು, ಬಾಯಿ ತೆರೆದ ನನ್ನ ಫೋಟೋ ನೋಡಿಯೇ ವಿಷಯ ತಿಳಿದಳು. ಪಕ್ಕದಲ್ಲಿ ಹಳೆಯ ನಾಮಪತ್ರ ಹಾಗೇ ಇತ್ತು. ನಾನು ಹಿಂದೆಗೆದುಕೊಂಡದ್ದು ನನ್ನ ಹೆಸರನ್ನು ಮಾತ್ರ. ಅವಳ ಸಹಿ ಜೂನ್‌ವರೆಗೂ ಆ ಗಾಜಿನ ಹಿಂದೆ ಉಳಿಯಿತು. ಅದನ್ನು ತೆಗೆಸಿ ಎಂದು ಒಂದು ಮಾತು ಕೇಳುವುದಕ್ಕೂ ನನಗೆ ಭಯ. ಜೂನಿನಲ್ಲಿ ಅವಳಿಗೆ ಆದೇಶ ಬರಲಿಲ್ಲ. ಲ್ಯಾಬಿನ ಬೀಗದ ಕೈ ಒಪ್ಪಿಸಲು ಬಂದಾಗ ಕೂಗಾಡುತ್ತಾಳೆ ಎಂದುಕೊಂಡಿದ್ದೆ. "ಹೆದರಿಕೆ ನನಗೂ ಇತ್ತು ಸರ್" ಎಂದಷ್ಟೇ ಹೇಳಿ ಹೋದಳು.

ಈಗ ಅವಳು ಮಂಜಲ್‌ಪುರದಲ್ಲೇ ಟ್ಯೂಷನ್ ನಡೆಸುತ್ತಾಳೆ. ನಮ್ಮ ಮನೆಗೆ ಹೋಗುವ ನೇರ ದಾರಿಯಲ್ಲೇ ಅವಳ ಬೋರ್ಡು. ಅದಕ್ಕೇ ನಾನು ಇಷ್ಟು ವರ್ಷ ಸುತ್ತುಬಳಸಿ ಮನೆ ಸೇರುತ್ತಿದ್ದೇನೆ. ಸುತ್ತಿನ ದಾರಿಯಲ್ಲಿ ಟ್ರಾಫಿಕ್ಕು ಕಡಿಮೆ ಎಂದು ಕೇಳಿದವರಿಗೆ ಹೇಳುತ್ತೇನೆ.

ಇವತ್ತು ನಾಮಪತ್ರಕ್ಕೆ ಕೊನೆಯ ದಿನ, ಎದುರು ಯಾರೂ ಇಲ್ಲವೆಂದು ಡಬ್ಬಿ ಆಗಲೇ ಬಂದಿತ್ತು. ಅದು ಹೋದ ಹಿಂದೆಯೇ ರಿದ್ಧಿ ಬಂದಳು. ಹೊಸಬಳು, ಕಾಯಂ ಆಗಿ ಒಂದು ವರ್ಷವಾಗಿಲ್ಲ. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುತ್ತಾಳಂತೆ. ಇಡೀ ಸ್ಟಾಫ್‌ರೂಮು ಸುತ್ತಿದರೂ ಅನುಮೋದಕರು ಸಿಕ್ಕಿರಲಿಲ್ಲ. ನನ್ನ ನಿವೃತ್ತಿಗೆ ಇನ್ನು ಎಂಟು ತಿಂಗಳು. ಪೆನ್ಷನ್ ಕಾಗದಗಳ ಜೊತೆ ಆ ಸರ್ವಿಸ್ ಬುಕ್ಕು ಈಗ ಪ್ರಾಂಶುಪಾಲರ ಮೇಜಿನ ಮೇಲೇ ಇದೆ. ಇವರು ಹೊಸ ಪ್ರಾಂಶುಪಾಲರು, ಡಬ್ಬಿ ಹಳೆಯ ಅಂಗಡಿಯದೇ. ಆದರೂ ಪೆನ್ನು ತೆಗೆದೆ, ಗೆರೆಗಳು ಅಂಕುಡೊಂಕಾದವು. ಹಾಕಿದ ಸಹಿಯನ್ನು ರಿದ್ಧಿ ತಿರುಗಿಸಿ ನೋಡಿದಳು.

"ಸರ್, ಇದು ನಿಮ್ಮ ಸಹಿ ಥರ ಇಲ್ಲ. ನಾಮಪತ್ರ ತಿರಸ್ಕರಿಸ್ತಾರೆ" ಎಂದು ಚೀಲದಿಂದ ಇನ್ನೊಂದು ಹಾಳೆ ತೆಗೆದಳು.

ಎರಡನೇ ಸಲ ನಿಧಾನವಾಗಿ, ಒಂದೊಂದು ಅಕ್ಷರವಾಗಿ ಹಾಕಿದೆ. "ಹಿಂದೆ ಸರಿಯೋದಾದರೆ ಮೊದಲು ನನಗೆ ಹೇಳಮ್ಮ" ಎಂದೆ. ನನ್ನ ಧ್ವನಿ ನನಗೇ ಬೇಡುವವನ ಧ್ವನಿಯಂತೆ ಕೇಳಿಸಿತು. ಅವಳು ತಲೆಯಾಡಿಸಿದಳು. ಹೇಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಸಂಜೆ ಸ್ಕೂಟರನ್ನು ನೇರ ದಾರಿಗೆ ತಿರುಗಿಸಿದೆ. ಹೇತಲ್‌ಬೆನ್ ಮೆಟ್ಟಿಲ ಮೇಲೆ ನಿಂತು ಮಕ್ಕಳ ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಬಾಯಿಗೆ ಬರಲಿಲ್ಲ. "ಒಬ್ಬಳ ನಾಮಪತ್ರಕ್ಕೆ ಅನುಮೋದಕನಾಗಿ ಸಹಿ ಹಾಕಿ ಬಂದೆ" ಎಂದೆ.

ಅವಳು ಕೈಯಲ್ಲಿದ್ದ ಚಪ್ಪಲಿಯನ್ನು ಸಾಲಿಗೆ ಸೇರಿಸಿದಳು.

"ಬೋರ್ಡಿಗೆ ಹಾಕಿದರಾ?"

"ಹಾಕಿದರು."

"ಹಾಗಾದರೆ ಐದು ದಿನ ಅನ್ನ ಸೇರೋದಿಲ್ಲ ಸರ್," ಎಂದಳು. "ನನಗೆ ಸೇರಿರಲಿಲ್ಲ. ಮಗುವಿಗೆ ಹಾಲೂ ಬತ್ತಿಹೋಗಿತ್ತು."