ಹೆಸರು ಬರೆಯದ ಸುರುಳಿ

ಕೊನೆಗಾಲದಲ್ಲಿ ಓಟಾಕರ್ ವೋಂದ್ರಾ ಕಂಡದ್ದಕ್ಕೆಲ್ಲ ಚೀಟಿ ಅಂಟಿಸುತ್ತಿದ್ದರು. ಉಪ್ಪಿನ ಡಬ್ಬಿಗೆ ಉಪ್ಪು, ಕೊಡೆಗೆ ಕೊಡೆ. ಮುದುಕನಿಗೆ ಅರಳು ಮರಳು ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಕ್ಲೀವ್‌ಲ್ಯಾಂಡಿನ ಟೆಲಿವಿಷನ್ ಕೇಂದ್ರದಲ್ಲಿ ನಾನು ಅವರ ಜೊತೆ ಹನ್ನೊಂದು ವರ್ಷ ದುಡಿದವನು.

ಅದಕ್ಕೂ ಮುಂಚೆ ಅವರು ಮೂವತ್ತು ವರ್ಷ ಸುದ್ದಿಚಿತ್ರಗಳ ಫಿಲ್ಮ್ ಕತ್ತರಿಸಿ ಜೋಡಿಸಿದವರು. ಡಬ್ಬಿಯ ಮೇಲೆ ಹೆಸರು ಬರೆಯುವುದೆಂದರೆ ಅವರಿಗೆ ಅವಮಾನ.

"ಬೆಳಕಿಗೆ ಹಿಡಿದ್ರೆ ಅದೇ ತನ್ನ ಹೆಸರು ಹೇಳುತ್ತಲ್ಲಪ್ಪಾ, ನೀನ್ಯಾಕೆ ಬರೀತೀಯ?" ಎಂದು ನನ್ನನ್ನು ಛೇಡಿಸುತ್ತಿದ್ದರು.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಎರಡು ಬೀರುವಿನಷ್ಟು ದೊಡ್ಡ ವಿಡಿಯೋ ಟೇಪ್ ಯಂತ್ರ ಬಂತು. ಮೂರು ಬೆರಳಗಲದ ಕಂದು ಟೇಪು, ಚಿತ್ರ ಕೂರುವುದು ಒಂದೇ ಮಗ್ಗುಲಲ್ಲಿ, ಬೆಳಕಿಗೆ ಹಿಡಿದರೆ ಏನೂ ಕಾಣದು. ಒಂದು ಸುರುಳಿಯ ಬೆಲೆ ಹೆಚ್ಚುಕಡಿಮೆ ನಮ್ಮ ತಿಂಗಳ ಸಂಬಳ. ಹಾಗಾಗಿ ಪ್ರಸಾರವಾದದ್ದನ್ನು ಪ್ರತಿ ಶುಕ್ರವಾರ ಅಳಿಸಿ, ಅದೇ ಟೇಪನ್ನು ಮತ್ತೆ ಬಳಸುತ್ತಿದ್ದೆವು.

ಕ್ಯಾಂಟೀನಿನ ಲಿಯೋನಾಳಿಗೆ ಒಬ್ಬನೇ ಮಗ, ಲಾದ್ಯಾ. ಒಂದು ಶನಿವಾರ ನಮ್ಮ ಕೇಂದ್ರದಲ್ಲೇ ಅಕಾರ್ಡಿಯನ್ ನುಡಿಸಿದ್ದ, ಅದು ಟೇಪಿನಲ್ಲಿತ್ತು. ಎರಡೇ ದಿನಕ್ಕೆ ಉಕ್ಕಿನ ಕಾರ್ಖಾನೆಯಲ್ಲಿ ಕುದಿಯುವ ಲೋಹ ಮೈಮೇಲೆ ಬಿದ್ದು ಸತ್ತ. ಶವಪೆಟ್ಟಿಗೆಯ ಮುಚ್ಚಳ ತೆರೆಯಲಿಲ್ಲ, ಹೆತ್ತವಳಿಗೆ ಮುಖ ತೋರಿಸಲಿಲ್ಲ. ಒಂದೇ ಒಂದು ಸಲ ಅವನನ್ನು ಆ ಯಂತ್ರದಲ್ಲಿ ತೋರಿಸಿ ಎಂದು ಅವಳು ಮ್ಯಾನೇಜರರ ಕಾಲು ಹಿಡಿಯುವುದೊಂದು ಬಾಕಿ. ಭಾನುವಾರ ಬಾ ಎಂದು ಅವರು ಒಪ್ಪಿದರು. ಸುರುಳಿಯನ್ನು ಎತ್ತಿಡುವ ಕೆಲಸ ವೋಂದ್ರಾರಿಗೆ ಬಂತು.

ಎತ್ತಿಟ್ಟರು, ಹೆಸರು ಮಾತ್ರ ಬರೆಯಲಿಲ್ಲ. ಶುಕ್ರವಾರ ಮೇಜಿನ ಮೇಲೆ ಎರಡು ಸುರುಳಿಗಳಿದ್ದವು, ಲಾದ್ಯಾನದೊಂದು, ಅಳಿಸಬೇಕಾದದ್ದೊಂದು. ಹಳೆಯ ಅಭ್ಯಾಸದ ಮೇಲೆ ಒಂದರ ತುದಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದರು. ನಾನು ನಕ್ಕೆ. ಅವರೂ ನಾಚಿಕೊಂಡು ನಕ್ಕರು. ಆಮೇಲೆ ಅದನ್ನು ಕೆಳಗಿಟ್ಟು, ಇನ್ನೊಂದನ್ನು ಅಳಿಸುವ ಅಯಸ್ಕಾಂತಕ್ಕೆ ಕೊಟ್ಟರು. ಆ ಹೊತ್ತಿನಲ್ಲಿ ನಾನು ನಗಬಾರದಿತ್ತು, ಯಾವುದು ಯಾವುದೆಂದು ಕೇಳಬೇಕಿತ್ತು.

ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಲಿಯೋನಾ ಕಪ್ಪು ಕೋಟು ತೊಟ್ಟು ಬಂದಳು. ವೋಂದ್ರಾ ಯಂತ್ರ ಹಾಕಿದರು. ಪರದೆಯ ಮೇಲೆ ಹಾಸಿಗೆ ಮಾರುವವನೊಬ್ಬ ಹಾಸಿಗೆಯ ಮೇಲೆ ಕುಣಿಯುತ್ತಿದ್ದ. ವೋಂದ್ರಾರ ಮುಖ ಬಿಳಿಚಿಕೊಂಡಿತು. ನನಗೂ ಗೊತ್ತಾಯಿತು. ಲಿಯೋನಾಳಿಗೆ ಗೊತ್ತಾಗಲಿಲ್ಲ. ಜಾಹೀರಾತು ಮುಗಿದ ಮೇಲೆ ಮಗ ಬರುತ್ತಾನೆಂದು ಕಾದಳು. ಹವಾಮಾನ ಬಂತು, ಅಡುಗೆ ಬಂತು. ಯಂತ್ರ ನಿಲ್ಲಿಸಿ ಬಾಯಿಬಿಡುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ, ಹೇಡಿಗಳು ನಾವು. ಒಂದು ಗಂಟೆಯ ಮೇಲೆ ಸುರುಳಿ ಖಾಲಿಯಾಗಿ ಟೇಪಿನ ತುದಿ ಪಟಪಟನೆ ಬಡಿಯತೊಡಗಿತು.

ಲಿಯೋನಾ ಮನೆಯಲ್ಲಿ ಗ್ರಾಮಫೋನಿನ ತಟ್ಟೆ ಮಗುಚಿ ಹಾಕಿ ಹಾಡು ಕೇಳಿ ಬೆಳೆದವಳು. ಮಡಿಲಿನ ಕೈಚೀಲ ಸರಿಮಾಡಿಕೊಂಡು, ಕಣ್ಣನ್ನು ಪರದೆಯಿಂದ ಕೀಳದೆ ಹೇಳಿದಳು:

"ವೋಂದ್ರಾ ಅವ್ರೆ, ಇನ್ನೊಂದು ಮಗ್ಗುಲು ತಿರುಗಿಸಿ ಹಾಕಿ. ಅದ್ರಲ್ಲಿರ್ತಾನೆ."