ಇಂದಿರಾ ಟೀಚರ್ ಕೂರಿಸಿದ ಎಕ್ಸ್‌ಚೇಂಜು

ಇಂದಿರಾ ಟೀಚರ್ ಫೋನಿನಲ್ಲಿ ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಮ್ಮ ಶಾಲೆಯಲ್ಲಿ ಮೊಬೈಲಿಗೆ ಅಷ್ಟಿಷ್ಟು ಸಿಗ್ನಲ್ ಸಿಗುವುದು ಸ್ಟಾಫ್ ರೂಮಿನ ಕಿಟಕಿಯ ಬಳಿ ಮಾತ್ರ. ಅಲ್ಲಿ ಗೋಡೆಗೊರಗಿ, ಹುಬ್ಬು ಗಂಟಿಕ್ಕಿ, ಕಣ್ಣು ಮುಚ್ಚಿ ನಿಂತರೆ ಗರ್ಭಗುಡಿಯ ಮುಂದೆ ನಿಂತವರಂತೆ ಕಾಣುತ್ತಿದ್ದರು. ಫೋನಿನ ಮೇಲೆ ಎಷ್ಟು ಭಕ್ತಿ ನೋಡಿ ಎಂದು ನಾವು ಬೆನ್ನ ಹಿಂದೆ ನಗುತ್ತಿದ್ದೆವು.

ಅವರು ತೀರ್ಥಹಳ್ಳಿಯವರು. ನಿಟ್ಟೂರಿನ ಹತ್ತಿರದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಒಂದೇ ಬಾಡಿಗೆ ಮನೆಯ ಎರಡು ಭಾಗಗಳಲ್ಲಿ ನಾವಿಬ್ಬರೂ ಇದ್ದೆವು. ನನಗಿಂತ ಸಾಕಷ್ಟು ಹಿರಿಯರು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ "ಮರ್ತೇ ಹೋಯ್ತು" ಎನ್ನುತ್ತಿದ್ದರು. ಊರಿನ ಕೆಟ್ಟ ಮಿಕ್ಸಿ, ನಿಂತ ಗಡಿಯಾರಗಳೆಲ್ಲ ಅವರ ಮೇಜಿಗೆ ಬರುತ್ತಿದ್ದವು. ಏನು ಮಾಡಿದರೂ ಸರಿಯಾಗದಿದ್ದರೆ, "ಅದಕ್ಕೆ ಎಂತೋ ಬೇಜಾರಾಗಿದೆ ಮಾರಾಯ್ತಿ, ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡಣ" ಎಂದು ಕಾಫಿ ಮಾಡಲು ಏಳುತ್ತಿದ್ದರು.

ಒಂದು ಸಂಜೆ ಬಸ್ಸು ಬರಲಿಲ್ಲ. ಗುಡ್ಡದಾಚೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಗೆಳತಿಯ ಮನೆಯಲ್ಲೇ ಉಳಿದಳು. ಅವಳ ಊರಿನಲ್ಲಿ ಯಾವ ಮೊಬೈಲೂ ಹಿಡಿಯುತ್ತಿರಲಿಲ್ಲವಾದ್ದರಿಂದ ಮನೆಗೆ ತಿಳಿಸುವ ದಾರಿಯಿರಲಿಲ್ಲ. ಬೆಳಗಾಗುವಷ್ಟರಲ್ಲಿ ಅವಳ ಅಮ್ಮ ಕಾಡುದಾರಿ ಹಿಡಿದು ಶಾಲೆಗೆ ಬಂದು ನಿಂತಿದ್ದಳು. ಮಗಳನ್ನು ಕಂಡದ್ದೇ ಅವಳ ಎರಡೂ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಇಂದಿರಾ ಟೀಚರ್ ಕಾಫಿ ತಂದರು, ಲೋಟವನ್ನು ತಾವೇ ಹಿಡಿದು ಕುಡಿಸಿದರು.

ಆಮೇಲೆ ಅವರ ತಲೆಗೆ ಬೇರೇನೂ ಹತ್ತಲಿಲ್ಲ. ಅಂಗೈಯಷ್ಟಗಲದ ಒಂದು ಪುಟ್ಟ ಕಂಪ್ಯೂಟರ್ ತರಿಸಿದರು. ಮೊಬೈಲ್ ಚಾರ್ಜರಿನಷ್ಟು ಕರೆಂಟು ಅದಕ್ಕೆ ಸಾಕಂತೆ. ಕರೆಂಟು ಹೋದರೂ ಸ್ಕೂಟರಿನ ಬ್ಯಾಟರಿಯಲ್ಲಿ ಓಡುತ್ತದಂತೆ. ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಂಡು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಾದ ಸಾಫ್ಟ್‌ವೇರೊಂದನ್ನು ಅದಕ್ಕೆ ಹಾಕಿದರೆ, ಅದೇ ನಮ್ಮ ಊರಿನ ಟೆಲಿಫೋನ್ ಎಕ್ಸ್‌ಚೇಂಜು. ಕಂಪ್ಯೂಟರನ್ನು ಬಿಸ್ಕತ್ತಿನ ಡಬ್ಬದಲ್ಲಿ ಕೂರಿಸಿ, ಇರುವೆ ಹತ್ತದಂತೆ ಸುತ್ತ ಅರಿಶಿನದ ಗೆರೆ ಎಳೆದರು. ಸಾಗರದ ಲಾಡ್ಜೊಂದು ಬದಲಾಯಿಸಿ ಎಸೆದಿದ್ದ ಎರಡು ಮೇಜಿನ ಫೋನುಗಳನ್ನು ಹೊತ್ತು ತಂದರು. ಒಂದು ಲ್ಯಾಬಿನಲ್ಲಿ, ಇನ್ನೊಂದು ಸ್ಟಾಫ್ ರೂಮಿನಲ್ಲಿ.

ಮೊದಲ ಕರೆ ಅವರು ಲ್ಯಾಬಿನಿಂದ ಮಾಡಿದರು. ಸ್ಟಾಫ್ ರೂಮಿನಲ್ಲಿ ನಾನು ಎತ್ತಿಕೊಂಡೆ. ಅವರ ದನಿ ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ನಾನು ಮಾತಾಡಿದೆ, ಕೂಗಿದೆ. ಅತ್ತಕಡೆಯಿಂದ "ಹಲೋ, ಹಲೋ" ಎಂಬುದೇ ಬರುತ್ತಿತ್ತು.

ದನಿ ಒಂದೇ ಕಡೆಗೆ ಹೋಗುವುದು ಇಂಥ ಏರ್ಪಾಡುಗಳಿಗೆ ಇರುವ ಸಾಮಾನ್ಯ ಕಾಯಿಲೆಯೆಂದು ಅವರು ಓದಿದ್ದರು. ಮೆಮೊರಿ ಕಾರ್ಡನ್ನು ಪೂರ್ತಿ ಅಳಿಸಿ, ಸಾಫ್ಟ್‌ವೇರನ್ನು ಮೊದಲಿಂದ ಹಾಕಿದರು. ಅದೇ ಕತೆ. ಮತ್ತೆ ಅಳಿಸಿದರು. ಕೊನೆಗೆ ಅಟೆಂಡರ್ ಮಂಜಪ್ಪನನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿ, ನನ್ನನ್ನು ಲ್ಯಾಬಿಗೆ ಕರೆದರು. ತಾವು ಕಣ್ಣು ಮುಚ್ಚಿ ಒಂದಷ್ಟು ಹೊತ್ತು ಆಲಿಸಿ, ರಿಸೀವರನ್ನು ನನ್ನ ಕೈಗಿತ್ತರು.

ಮಂಜಪ್ಪ ಹಾಲು ಕರೆಯಲು ಹೊತ್ತಾಯಿತು, ಇನ್ನು ಹೋಗಲಾ ಎಂದು ಕೇಳುತ್ತಿದ್ದ. ಅವನ ಹಿಂದೆ ಫ್ಯಾನು ತಿರುಗುವ ಸದ್ದೂ ನನಗೆ ಕೇಳಿಸುತ್ತಿತ್ತು.

ಟೀಚರ್ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಯಾವಾಗಲೂ ಎದುರಿನವರ ಮುಖ ನೋಡಿಯೇ ಮಾತಾಡುತ್ತಿದ್ದುದು ನನಗೆ ಆಗಷ್ಟೇ ಹೊಳೆಯಿತು.

"ಕೇಳ್ತಾ ಇದ್ಯನೇ ಸುಮಾ?"

"ಹೂಂ ಟೀಚರ್."

"ಚೆನ್ನಾಗಿ ಕೇಳ್ತಾ?"

"ಚೆನ್ನಾಗೇ ಕೇಳ್ತಿದೆ."

ಅವರು ರಿಸೀವರನ್ನು ನನ್ನ ಕೈಯಿಂದ ತೆಗೆದು ಮೆಲ್ಲಗೆ ಅದರ ಜಾಗದಲ್ಲಿಟ್ಟರು. ಕಿಟಕಿಯಾಚೆ ಮಕ್ಕಳು ಆಡುತ್ತಿದ್ದುದನ್ನು ನೋಡುತ್ತ ನಿಂತರು. ನಾನು ವೈರು ಸುತ್ತತೊಡಗಿದೆ.

"ಅಷ್ಟು ಒಳ್ಳೇ ಸಾಫ್ಟ್‌ವೇರಿಗೆ ಸುಮ್ನೆ ಬೈದೆ ಕಣೆ," ಎಂದರು.

ಮರುದಿನ ಅವರು ಕೆಲಸ ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಶಾಲೆಯ ಮಾಡಿನ ಮೇಲೆ ವೈಫೈ ಆಂಟೆನಾ ಏರಿತು. ಗುಡ್ಡದ ನೆತ್ತಿಯಲ್ಲಿ ಇನ್ನೊಂದು ನಿಂತಿತು. ಆಚೆಯ ಮನೆಗಳಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಮೊಬೈಲುಗಳಿಗೆ ಆ್ಯಪ್ ಹಾಕಿಕೊಟ್ಟು, ಒಂದೊಂದು ಮನೆಗೂ ನಂಬರು ಕೊಟ್ಟರು. ಅಲ್ಲಿಂದ ಮುಂದೆ ಬಸ್ಸು ತಪ್ಪಿದ ಸಂಜೆಗಳಲ್ಲಿ ಮಕ್ಕಳು ಸ್ಟಾಫ್ ರೂಮಿನಲ್ಲಿ ಸಾಲು ನಿಂತು ಅಮ್ಮಂದಿರ ಜೊತೆ ಮಾತಾಡುತ್ತಿದ್ದರು. ಟೀಚರ್ ಮಾತ್ರ ಲ್ಯಾಬಿನ ಪರದೆಯ ಮುಂದೆ ಕೂರುತ್ತಿದ್ದರು. ಯಾವ ಮನೆಯಿಂದ ಯಾವ ಮನೆಗೆ ಕರೆ ಹೋಯಿತು, ಯಾರು ಎತ್ತಿಕೊಂಡರು, ಯಾವಾಗ ಇಟ್ಟರು ಎಲ್ಲವೂ ಅಲ್ಲಿ ಸಾಲುಸಾಲಾಗಿ ಮೂಡುತ್ತಿತ್ತು. "ನೋಡೇ, ಇವಳಿಗೆ ಅಮ್ಮನ ಹತ್ರ ಎಷ್ಟು ಮಾತಿದೆ, ಇನ್ನೂ ಇಟ್ಟಿಲ್ಲ" ಎಂದು ಮುಖವರಳಿಸುತ್ತಿದ್ದರು. ಆ ಕರೆ ಮುಗಿಯುವ ತನಕ ಏಳುತ್ತಿರಲಿಲ್ಲ.

ಶಿವಮೊಗ್ಗದಲ್ಲಿ ಕಿವಿಗೊಂದು ಮೆಷಿನ್ ಹಾಕಿಸಿಕೊಂಡರು. ಅದು ಬೆಂಚು ಎಳೆಯುವ ಸದ್ದನ್ನೂ ಮಕ್ಕಳ ಪ್ರಶ್ನೆಯನ್ನೂ ಒಂದೇ ಸಮನೆ ತಲೆಗೆ ಸುರಿಯುತ್ತದೆ ಎಂದು ಹೇಳುತ್ತಿದ್ದರು. ಒಂದು ದಿನ ಹುಡುಗನೊಬ್ಬ ಕೇಳಿದ್ದೇ ಒಂದು, ಇವರು ಉತ್ತರಿಸಿದ್ದೇ ಇನ್ನೊಂದಾಗಿ, ತರಗತಿಯಲ್ಲಿ ಯಾರೋ ಕಿಸಕ್ಕೆಂದರಂತೆ. ಆ ವರ್ಷದ ಕೊನೆಗೆ ಸ್ವಯಂ ನಿವೃತ್ತಿ ತೆಗೆದುಕೊಂಡು ತೀರ್ಥಹಳ್ಳಿಗೆ, ತಂಗಿಯ ಮನೆಗೆ ಹೊರಟರು. ಬಿಸ್ಕತ್ತಿನ ಡಬ್ಬದ ಉಸ್ತುವಾರಿ ನನ್ನದಾಯಿತು.

ಅವರಿದ್ದ ಭಾಗಕ್ಕೆ ಬೇರೆಯವರು ಬಂದಿದ್ದಾರೆ. ಒಳ್ಳೆಯ ಜನ. ಆದರೂ ಸಂಜೆ ಗೋಡೆಯಾಚೆ ಪಾತ್ರೆ ಸದ್ದಾದರೆ, ಕಾಫಿಗೆ ಕರೆಯುತ್ತಾರೇನೋ ಎಂದು ಒಂದು ಗಳಿಗೆ ಕೈಕೆಲಸ ಬಿಟ್ಟು ಕೂರುತ್ತೇನೆ.

ಹೋದ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಅಷ್ಟರಲ್ಲಿ ಕಿವಿ ಪೂರ್ತಿ ಹೋಗಿತ್ತು. ತುಂಗೆಯ ದಂಡೆಯ ಬಂಡೆಯ ಮೇಲೆ ಕೂತೆವು. ಏನನ್ನಾದರೂ ಬರೆದು ತೋರಿಸೋಣವೆಂದು ನಾನು ಮೊಬೈಲು ತೆಗೆದರೆ ಬೇಡವೆಂದು ಕೈ ಹಿಡಿದರು.

"ಬಾಯಲ್ಲೇ ಹೇಳೇ. ನಿನ್ನ ದನಿ ನಂಗೆ ನೆನಪಿದೆ. ತುಟಿ ನೋಡಿದ್ರೆ ಸಾಕು, ದನಿ ತಾನಾಗೇ ಬರ್ತದೆ."

ಸಂಜೆಯವರೆಗೂ ನಾನು ಮಾತಾಡಿದೆ. ಊರಿನದು, ಶಾಲೆಯದು, ಗುಡ್ಡದಾಚೆಯ ಮನೆಗಳದು. ಬಸ್ ಸ್ಟ್ಯಾಂಡಿನವರೆಗೂ ಬಂದು ಹತ್ತಿಸಿದರು. ಬಸ್ಸು ಹೊರಟಾಗ ಕಿಟಕಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ಬಂದು ಏನೋ ಹೇಳಿದರು. ಇಂಜಿನ್ನಿನ ಸದ್ದಿನಲ್ಲಿ ನನಗೊಂದೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿಸುವಷ್ಟು ಹೊತ್ತಿರಲಿಲ್ಲ. ಮುಂದಿನ ಸಲ ಕೇಳಿದರಾಯಿತು ಎಂದುಕೊಂಡು ತಲೆಯಾಡಿಸಿದೆ. ಅವರು ಸಮಾಧಾನದಿಂದ ನಕ್ಕು ಕೈ ಬೀಸಿದರು.

ನವರಾತ್ರಿಗೆ ಮುಂಚೆ ಅವರ ತಂಗಿಯ ಫೋನು ಬಂತು. ಮಲಗಿದಲ್ಲೇ ಹೋದರಂತೆ. ಅವರು ಅಂದು ಹೇಳಿದ್ದೇನು ಎಂದು ನಾನು ಈಗಲೂ ಆ ತುಟಿಗಳನ್ನು ನೆನಪಿಗೆ ತಂದುಕೊಂಡು ನೋಡುತ್ತಿರುತ್ತೇನೆ.