ಸೆಲ್ವಿಯಕ್ಕನ ಡಬರಿ

ಪರರ ಮನೆಯ ಸ್ಟೀಲ್ ಡಬರಿಯೊಂದನ್ನು ನಾನು ಐದು ತಿಂಗಳು ಹಿಂತಿರುಗಿಸದೆ ಇಟ್ಟುಕೊಂಡಿದ್ದೆ. ಕದ್ದದ್ದಲ್ಲ, ಕದಿಯುವುದಕ್ಕೂ ಒಂದು ಚುರುಕುತನ ಬೇಕು, ಅದು ನನ್ನಲ್ಲಿಲ್ಲ. ಅದರ ಅಂಚಿನಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ತಮಿಳು ಹೆಸರನ್ನು ಓದಲಾರದ ನಾನು, ದಿನಾ ಬೆಳಿಗ್ಗೆ ಕಾಫಿ ಕಾಸುವಾಗ ಅದರ ಮುಖ ನೋಡದಂತೆ ತಿರುಗಿ ನಿಲ್ಲುತ್ತಿದ್ದೆ.

ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಇರುವುದು ಭದ್ರಾವತಿಯಲ್ಲಿ, ಜನ್ನಾಪುರ ದಾಟಿದ ಮೇಲೆ ಸಿಗುವ ಕಾರ್ಖಾನೆಯ ಹಳೆಯ ಕ್ವಾರ್ಟರ್ಸ್ ಸಾಲಿನಲ್ಲಿ. ಮದುವೆಯಾಗಿಲ್ಲ. ಜೀವಿಗಳ ಸಂಖ್ಯೆ ಹೇಗೆ ಬೆಳೆಯುತ್ತದೆ ಎಂಬ ಪಾಠವನ್ನು ಬ್ರಹ್ಮಚಾರಿಯಾದ ನಾನೇ ಪ್ರತಿವರ್ಷ ಮಾಡುವುದು ನಮ್ಮ ವಿಭಾಗದ ಖಾಯಂ ತಮಾಷೆ. ಒಂದು ಜೋಡಿ ಇಲಿಯನ್ನು ಬೋರ್ಡಿನ ಎಡಮೂಲೆಯಲ್ಲಿ ಬಿಡುತ್ತೇನೆ. ತಡೆಯುವವರಿಲ್ಲದಿದ್ದರೆ ಗೆರೆ ಬೋರ್ಡು ದಾಟಿ ಗೋಡೆಗೆ ಏರುತ್ತದೆ. ಆದರೆ ಲೋಕದಲ್ಲಿ ಕಾಳೂ ಬಿಲವೂ ಇಷ್ಟೇ ಎಂದಿರುತ್ತವಲ್ಲ, ಹಾಗಾಗಿ ಗೆರೆ ಮೇಲೇರುತ್ತಾ ಸುಸ್ತಾಗಿ, ಒಂದು ಮಿತಿಯ ಬಳಿ ಮಲಗಿಬಿಡುತ್ತದೆ. ಈ ಸೂತ್ರದ ಪ್ರಕಾರ ಗುಂಪು ಚಿಕ್ಕದಿದ್ದಷ್ಟೂ ಒಬ್ಬೊಬ್ಬರ ಪಾಲಿಗೆ ಸಿಗುವುದು ಹೆಚ್ಚು. ಸುಖ ಇರುವುದು ಕಡಿಮೆ ಜನರಲ್ಲಿ.

ಇದಕ್ಕೆ ನಾನು ನಮ್ಮ ಸಾಲನ್ನೇ ಉದಾಹರಣೆ ಕೊಡುತ್ತಿದ್ದೆ. ನಾನು ಬಾಡಿಗೆಗೆ ಬಂದಾಗ ಹನ್ನೆರಡು ಮನೆಗಳೂ ತುಂಬಿದ್ದವು. ಇದ್ದದ್ದು ಒಂದೇ ನಲ್ಲಿ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬೈಗುಳ ಕಲಿತದ್ದು ನಾನು ಅಲ್ಲಿಯೇ. ಆದರೆ ಜಗಳವಾಡಿದ ಮಧ್ಯಾಹ್ನವೇ ಸಾರಿನ ಡಬರಿಗಳು ಮನೆಯಿಂದ ಮನೆಗೆ ನಡೆಯುತ್ತಿದ್ದವು. ನಿಯಮ ಒಂದೇ, ಬಂದ ಪಾತ್ರೆಯನ್ನು ಖಾಲಿ ಹಿಂತಿರುಗಿಸುವಂತಿಲ್ಲ. ಅಡುಗೆ ಬಾರದ ನಾನು ಏನು ತುಂಬಲಿ? ಬಾಳೆಹಣ್ಣು, ಬಿಸ್ಕತ್ತಿನ ಪೊಟ್ಟಣ, ಒಮ್ಮೆ ಏನೂ ಇಲ್ಲದೆ ಒಂದು ಅಚ್ಚು ಬೆಲ್ಲ. ಆ ಬೆಲ್ಲಕ್ಕೆ ಇಡೀ ಸಾಲು ಒಂದು ವಾರ ನಕ್ಕಿತು.

ಕಾರ್ಖಾನೆ ಸೊರಗಿತು. ಮನೆಗಳು ಒಂದೊಂದಾಗಿ ಬೀಗ ಹಾಕಿಕೊಂಡವು. ಕೊನೆಗೆ ಉಳಿದದ್ದು ನಾನು ಮತ್ತು ಪಕ್ಕದ ಮನೆಯ ಸೆಲ್ವಿಯಕ್ಕ. ಐದು ತಿಂಗಳ ಹಿಂದೆ ಅವರೂ ಶಿವಮೊಗ್ಗದ ರಾಗಿಗುಡ್ಡದಲ್ಲಿ ತಂಗಿಯ ಮನೆಯ ಮಹಡಿಗೆ ಹೊರಟರು. ಸಾಮಾನು ಲಾರಿಗೆ ಏರಿದ ಮೇಲೆ, ಬೆಳಗಿನ ಪುಳಿಯೋಗರೆ ತುಂಬಿದ ಡಬರಿಯನ್ನು ನನ್ನ ಕೈಗಿಟ್ಟು ಹೋದರು.

ಸೂತ್ರದ ಪ್ರಕಾರ ನಾನೀಗ ಮಹಾಸುಖಿ. ಇಡೀ ನಲ್ಲಿ ನನ್ನದು. ಹನ್ನೆರಡು ಮನೆಯ ಬಟ್ಟೆ ಹರವುವ ತಂತಿಯ ಮೇಲೆ ನನ್ನ ಎರಡೇ ಶರ್ಟು. ಆದರೆ ಶನಿವಾರ ಸಂಜೆಯ ಬಸ್ ಕಂಡಕ್ಟರಿಗೆ ಒಂದು ಮಾತು ಹೇಳಿದರೆ, ಮುಂದಿನ ಮಾತು ಸೋಮವಾರ ಬೆಳಗಿನ ಕಂಡಕ್ಟರಿಗೆ. ನಡುವಿನ ಭಾನುವಾರ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಸುತ್ತಿ ಬಳಸಿ ಹೇಳುವುದೇಕೆ, ನನಗೆ ಒಂಟಿತನ ಕಾಡುತ್ತಿತ್ತು.

ಪಠ್ಯದಲ್ಲಿ ಇನ್ನೊಂದು ಮಾದರಿಯಿದೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕಿಂತ ಹೆಚ್ಚು ಬಾರದ್ದರಿಂದ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಕೆಲವು ಜೀವಿಗಳು ಒಂದು ಸಂಖ್ಯೆಗಿಂತ ಕಡಿಮೆಯಾದರೆ, ಕಾಳು ರಾಶಿ ಬಿದ್ದಿದ್ದರೂ ಕ್ಷೀಣಿಸುತ್ತವಂತೆ. ಒಂದಕ್ಕೊಂದು ಎದುರಾಗುವುದಿಲ್ಲ, ಹದ್ದು ಬಂದರೆ ಕೂಗಿ ಹೇಳುವವರಿಲ್ಲ. ಈ ವರ್ಷ ಅದನ್ನು ಹೇಳುತ್ತಾ ಬೋರ್ಡಿನ ಕಡೆ ತಿರುಗಿಕೊಂಡೆ. ಸೀಮೆಸುಣ್ಣದ ಧೂಳಿನ ಮೇಲೆ ತಪ್ಪು ಹೊರಿಸಿ ನೀರು ಕುಡಿದೆ.

ಡಬರಿಯನ್ನು ಕೊಟ್ಟುಬರಬಹುದಿತ್ತು. ಆದರೆ ಕೊನೆಯ ಪಾತ್ರೆಗೆ ಬಾಳೆಹಣ್ಣು ಹಾಕಿದರೆ ಮರ್ಯಾದೆಯೇ? ಕೇಸರಿಬಾತ್ ಮಾಡಲು ಹೋದೆ, ತಳ ಹಿಡಿಯಿತು. ಮತ್ತೊಮ್ಮೆ ಮಾಡಿದೆ, ಗೋಡೆಗೆ ಮೆತ್ತಬಹುದಿತ್ತು. ನಿಜ ಹೇಳಬೇಕೆಂದರೆ, ತುಂಬಿ ಕೊಟ್ಟುಬಿಟ್ಟರೆ ಲೆಕ್ಕ ಚುಕ್ತಾ ಆಗಿ, ಆಮೇಲೆ ಯಾರ ಮನೆಗೆ ಹೋಗಲೂ ನೆಪವಿರುವುದಿಲ್ಲ ಎಂಬ ಭಯ ಒಳಗಿತ್ತು. ಕಳೆದ ಭಾನುವಾರ ಆ ಮೌನ ತಡೆಯಲಾಗದೆ ರವೆ ಉಂಡೆಗೆ ಕೈಹಾಕಿದೆ. ಉಂಡೆ ಕಟ್ಟಲಿಲ್ಲ. ಪುಡಿಯನ್ನೇ ಡಬರಿಗೆ ಸುರಿದುಕೊಂಡು ಬಸ್ ಹತ್ತಿದೆ.

ಬಾಗಿಲು ತೆಗೆದ ಸೆಲ್ವಿಯಕ್ಕ ನನ್ನನ್ನು ಬಿಟ್ಟು ಡಬರಿಯನ್ನು ನೋಡಿದರು. "ಅಯ್ಯೋ ಮೇಷ್ಟ್ರೇ, ಭದ್ರಾವತಿಯಿಂದ ಬರೋಕೆ ಐದು ತಿಂಗ್ಳು ಬೇಕಾಯ್ತಾ ನಿಮ್ಗೆ?"

"ಏನು ಹಾಕ್ಕೊಂಡು ಬರ್ಬೇಕು ಅಂತ ಗೊತ್ತಾಗ್ಲಿಲ್ಲ ಅಕ್ಕ."

ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡರು. "ಏನಿದು?"

"ಉಂಡೆ ಆಗ್ಬೇಕಿತ್ತು."

ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು: "ಇಲ್ಲಿ ಮೇಲೆ ಕೆಳಗೆ ಎಲ್ಲಾ ಕಡೆ ಜನಾನೇ ಮಾರಾಯ್ರೇ. ತಂಗಿ, ಅವಳ ಗಂಡ ಬೆಳಿಗ್ಗೆ ಕೆಲ್ಸಕ್ಕೆ ಹೋದ್ರೆ ಕತ್ತಲಾದ್ಮೇಲೇ ಬರೋದು. ಪಕ್ಕದ ಮನೆಯೋರ ಹೆಸ್ರೂ ಗೊತ್ತಿಲ್ಲ. ಒಬ್ರೂ ಒಂದು ಸೌಟು ಸಾರು ಕೇಳಲ್ಲ."

ನಾನು ಇಷ್ಟು ವರ್ಷ ತಲೆ ಎಣಿಸಿದ್ದೇ ಬಂತು. ಕಿಕ್ಕಿರಿದ ರಾಗಿಗುಡ್ಡದಲ್ಲಿ ಸೆಲ್ವಿಯಕ್ಕನೂ, ಬಿಕೋ ಎನ್ನುವ ಸಾಲಿನಲ್ಲಿ ನಾನೂ ಒಂದೇ ಸಂಖ್ಯೆಗೆ ಇಳಿದಿದ್ದೆವು.

ಊಟ ಮಾಡಿ ಹೊರಟಾಗ ಅವರು ಡಬರಿ ತೊಳೆದು, ಬಿಸಿ ಕೂಟು ತುಂಬಿ, ಮುಚ್ಚಳ ಹಾಕಿ ನನ್ನ ಕೈಗಿಟ್ಟರು.

"ಅಕ್ಕ, ಇದು ನಿಮ್ದೇ ಡಬರಿ. ಕೊಟ್ಟು ಹೋಗೋಣ ಅಂತ್ಲೇ ಬಂದಿದ್ದು."

"ನನ್ದು ಅಂತ ನಂಗೊತ್ತಿಲ್ವಾ? ಅದ್ಕೇ ವಾಪಸ್ ತಂದ್ಕೊಡಿ. ಅವತ್ತು ಲಾರಿಯಲ್ಲಿ ಇನ್ನೊಂದು ಡಬರಿಗೆ ಜಾಗ ಇರ್ಲಿಲ್ಲ ಅಂದ್ಕೊಂಡ್ರಾ?"

ಭದ್ರಾವತಿಯ ಬಸ್ಸಿನಲ್ಲಿ ತೊಡೆಯ ಮೇಲೆ ಡಬರಿ ಬಿಸಿಯಾಗಿತ್ತು. ಮರುದಿನ ಕ್ಲಾಸಿನಲ್ಲಿ ಆ ಎರಡು ಅಂಕದ ಪಾಠವನ್ನು ಮತ್ತೆ, ಪೂರ್ತಿ ಒಂದು ಗಂಟೆ ಮಾಡಿದೆ. ಆ ಕನಿಷ್ಠ ಸಂಖ್ಯೆ ಎಷ್ಟು ಸರ್ ಎಂದು ಹುಡುಗಿಯೊಬ್ಬಳು ಕೇಳಿದಳು. ಜೀವಿಯಿಂದ ಜೀವಿಗೆ ಬೇರೆಯಮ್ಮ ಎಂದೆ. ನನ್ನ ಜಾತಿಯ ಜೀವಿಗೆ ಇಬ್ಬರು ಸಾಕು ಎಂಬುದನ್ನು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಡಬರಿ ತೊಳೆದು ಬೋರಲು ಹಾಕಿದ್ದೇನೆ. ರವೆಯೂ ತಂದಾಗಿದೆ. ಉಂಡೆ ಕಟ್ಟುವಾಗ ಹಾಲು ಎಷ್ಟು ಚಿಮುಕಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ, ಭಾನುವಾರದೊಳಗೆ.